ಇಲ್ಲದ ತಂಡಕ್ಕೆ ಎಲ್ಲರೂ ಯಜಮಾನರು

ಭಾನುವಾರ ರಾತ್ರಿ. ಅಮೆರಿಕದ ಒಂದು ಸಾಧಾರಣ ಊರು, ಒಂದು ಸಾಧಾರಣ ಮನೆ. ಊಟ ಮುಗಿದಿದೆ, ಮಕ್ಕಳು ಮಲಗಿದ್ದಾರೆ. ಮನೆಯಾತ ಮಾತ್ರ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಉದ್ದನೆಯ ಪಟ್ಟಿಯೊಂದರ ಮೇಲೆ ಕಣ್ಣಾಡಿಸುತ್ತಿದ್ದಾನೆ. ನಿನ್ನೆಯ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಒಬ್ಬ ಮುಖ್ಯ ಆಟಗಾರನ ಮೊಣಕಾಲು ಉಳುಕಿದೆ. ವೈದ್ಯರು ಇನ್ನೂ ಬಾಯಿ ಬಿಟ್ಟಿಲ್ಲ. ಈತನಿಗೆ ಬೇಕಾದದ್ದು ಆ ಕಾಲಿನ ಸುದ್ದಿಯಲ್ಲ. ಆ ಜಾಗದಲ್ಲಿ ನಾಳೆ ಅಂಗಣಕ್ಕೆ ಇಳಿಯುವವನು ಯಾರು ಎಂಬುದು. ಇದುವರೆಗೆ ಬೆಂಚಿನ ಮೇಲೆ ಟವೆಲು ಹೊದ್ದು ಕುಳಿತಿದ್ದ ಆ ಹುಡುಗನ ಹೆಸರನ್ನು ಹುಡುಕಿ ತನ್ನ ತಂಡಕ್ಕೆ ಸೇರಿಸಿಕೊಂಡ ಮೇಲೆಯೇ ಈತನಿಗೆ ನಿದ್ದೆ.

ತಮಾಷೆಯೆಂದರೆ, ಈತನ ಹತ್ತಿರ ತಂಡವೇ ಇಲ್ಲ. ಅಂಗಣವಿಲ್ಲ, ಚೆಂಡಿಲ್ಲ, ಸಂಬಳ ಕೊಡಬೇಕಾದ ಆಟಗಾರರೂ ಇಲ್ಲ. ಇರುವುದು ಹದಿಮೂರು ಹೆಸರುಗಳ ಒಂದು ಪಟ್ಟಿ ಮಾತ್ರ. ಆದರೂ ಅವನು ತನ್ನನ್ನು ಒಂದು ತಂಡದ ಯಜಮಾನನೆಂದೇ ತಿಳಿದಿದ್ದಾನೆ. ಅವನಂಥ ಯಜಮಾನರು ಅಮೆರಿಕದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಅವರಿಗಾಗಿ ಪತ್ರಿಕೆಗಳಲ್ಲಿ, ಟೆಲಿವಿಷನ್‌ನಲ್ಲಿ, ಇಂಟರ್‌ನೆಟ್‌ನಲ್ಲಿ ವಾರಕ್ಕೊಮ್ಮೆ ಸಲಹೆಯ ಅಂಕಣಗಳು ಬರುತ್ತವೆ. ಈ ವಾರ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು, ಯಾರ ವಿಷಯದಲ್ಲಿ ಕಾದು ನೋಡಬೇಕು ಎಂಬ ಸಲಹೆ. ನಮ್ಮ ಪತ್ರಿಕೆಗಳ ವಾರಭವಿಷ್ಯದ ಹಾಗೆಯೇ ಜನ ಅದನ್ನು ಕಾದು ಓದುತ್ತಾರೆ. ವ್ಯತ್ಯಾಸ ಇಷ್ಟೆ: ಇಲ್ಲಿ ಗ್ರಹಗಳ ಬದಲು ಆಟಗಾರರು, ಪಂಚಾಂಗದ ಬದಲು ಪಂದ್ಯಗಳ ವೇಳಾಪಟ್ಟಿ.

ಇದೇ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್. ಹೊರಗಿನಿಂದ ನೋಡಿದರೆ ಮಕ್ಕಳಾಟ. ಒಳಹೊಕ್ಕರೆ ಲೆಕ್ಕ, ಚರಿತ್ರೆ, ಕೋರ್ಟು, ಹಣ, ಕೊನೆಗೆ ಮನುಷ್ಯನ ಮೈಗೆ ಬೆಲೆ ಕಟ್ಟುವ ಪ್ರಶ್ನೆ ಎಲ್ಲವೂ ಇದರಲ್ಲಿವೆ.

ಆಟದ ಒಳಗಿನ ಆಟ

ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ, ಅಂದರೆ ಎನ್‌ಬಿಎಯ, ಲೀಗ್‌ನಲ್ಲಿ 30 ತಂಡಗಳಿವೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದೊಂದು ತಂಡವೂ 82 ಪಂದ್ಯಗಳನ್ನು ಆಡುತ್ತದೆ. ಒಂದು ತಂಡಕ್ಕೆ ಪೂರ್ಣ ಒಪ್ಪಂದದ 15 ಆಟಗಾರರು, ಒಟ್ಟು 450.

ಫ್ಯಾಂಟಸಿ ಆಟಕ್ಕೆ ಸಾಮಾನ್ಯವಾಗಿ ಹನ್ನೆರಡು ಮಂದಿ ಗೆಳೆಯರು ಸೇರುತ್ತಾರೆ. ಋತುವಿಗೆ ಮುಂಚೆ ಎಲ್ಲರೂ ಕುಳಿತು ಸರದಿಯ ಪ್ರಕಾರ ಒಬ್ಬೊಬ್ಬ ನಿಜವಾದ ಆಟಗಾರನ ಹೆಸರನ್ನು ಆರಿಸಿಕೊಳ್ಳುತ್ತಾರೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಒಬ್ಬರು ಆರಿಸಿದ ಹೆಸರು ಆ ಗುಂಪಿನಲ್ಲಿ ಮತ್ತೊಬ್ಬರಿಗೆ ಸಿಗುವುದಿಲ್ಲ. ತಲಾ 13 ಹೆಸರಾದರೆ ಡ್ರಾಫ್ಟ್ ಮುಗಿಯಿತು. ಮುಂದೆ ಆ ಆಟಗಾರರು ತಮ್ಮ ತಮ್ಮ ನಿಜವಾದ ತಂಡಕ್ಕೆ ಏನೇನು ಗಳಿಸುತ್ತಾರೋ ಅದೆಲ್ಲ ಇಲ್ಲಿಯ ಯಜಮಾನನ ಖಾತೆಗೂ ಜಮಾ ಆಗುತ್ತದೆ.

ಹೆಚ್ಚು ಬಳಕೆಯಲ್ಲಿರುವ ಪದ್ಧತಿಯಲ್ಲಿ ಒಂಬತ್ತು ಬಾಬತ್ತುಗಳ ಲೆಕ್ಕ ಇಡುತ್ತಾರೆ. ಪಾಯಿಂಟು, ರಿಬೌಂಡು, ಅಸಿಸ್ಟು, ಎದುರಾಳಿಯ ಕೈಯಿಂದ ಚೆಂಡು ಕಸಿಯುವ ಸ್ಟೀಲು, ಎದುರಾಳಿಯ ಎಸೆತವನ್ನು ತಡೆಯುವ ಬ್ಲಾಕು, ದೂರದಿಂದ ಎಸೆದ ಮೂರು ಪಾಯಿಂಟಿನ ಬುಟ್ಟಿಗಳು, ಎಸೆತಗಳ ಯಶಸ್ಸಿನ ಶೇಕಡಾವಾರು, ಫ್ರೀ ಥ್ರೋ ಶೇಕಡಾವಾರು ಹಾಗೂ ಚೆಂಡು ಕಳೆದುಕೊಳ್ಳುವ ಟರ್ನೋವರು. ಕೊನೆಯದು ಕಡಿಮೆಯಾದಷ್ಟೂ ಒಳ್ಳೆಯದು. ಪ್ರತಿ ವಾರ ಇಬ್ಬಿಬ್ಬರು ಯಜಮಾನರ ನಡುವೆ ಪೈಪೋಟಿ. ಸೋಮವಾರದಿಂದ ಭಾನುವಾರದವರೆಗಿನ ಒಟ್ಟು ಲೆಕ್ಕದಲ್ಲಿ ಒಂಬತ್ತರಲ್ಲಿ ಐದು ಬಾಬತ್ತು ಗೆದ್ದವನು ವಾರವನ್ನು ಗೆದ್ದಂತೆ.

ಇಲ್ಲೊಂದು ಸರಳ ಲೆಕ್ಕವಿದೆ. ಹನ್ನೆರಡು ಮಂದಿ ತಲಾ 13ರಂತೆ ಆರಿಸಿಕೊಂಡರೆ 156 ಹೆಸರುಗಳು ಖರ್ಚಾಗುತ್ತವೆ. 450ರಲ್ಲಿ ಉಳಿದ 294 ಮಂದಿ ಯಾರಿಗೂ ಬೇಡದವರು. ವಾರದ ಸಲಹೆಯ ಅಂಕಣ ಹುಟ್ಟುವುದೇ ಈ ಬೇಡದವರ ರಾಶಿಯಿಂದ. ನಕ್ಷತ್ರ ಆಟಗಾರರನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಅವರು ಡ್ರಾಫ್ಟ್‌ನ ದಿನವೇ ಖಾಲಿಯಾಗಿರುತ್ತಾರೆ. ಈ ರಾಶಿಯಲ್ಲಿ ನಾಳೆ ಹೊಳೆಯಲಿರುವವನನ್ನು ಇಂದೇ ಎತ್ತಿಕೊಳ್ಳುವುದಕ್ಕೆ 'ಪಿಕಪ್' ಎಂದು ಹೆಸರು. ಅದರಲ್ಲಿಯೇ ಜಾಣತನ ಇರುವುದು. ಅದಕ್ಕೇ ಸಲಹೆಗಾರರು ಅರ್ಧಕ್ಕಿಂತ ಹೆಚ್ಚು ಗುಂಪುಗಳಲ್ಲಿ ಈಗಾಗಲೇ ಖರ್ಚಾಗಿರುವ ಹೆಸರುಗಳ ಗೊಡವೆಗೆ ಸಾಮಾನ್ಯವಾಗಿ ಹೋಗುವುದಿಲ್ಲ.

ಒಬ್ಬರು ಕೈಬಿಟ್ಟ ಆಟಗಾರ ಒಂದೆರಡು ದಿನ 'ವೇವರ್' ಎಂಬ ತಡೆಯಲ್ಲಿರುತ್ತಾನೆ. ಇಬ್ಬರು ಮೂವರು ಅವನನ್ನೇ ಕೇಳಿದರೆ ಸರದಿಯಲ್ಲಿ ಮುಂದಿರುವವರಿಗೆ ಸಲ್ಲುತ್ತಾನೆ. ಕೆಲವು ಗುಂಪುಗಳಲ್ಲಿ ಪ್ರತಿಯೊಬ್ಬರಿಗೂ ಋತುವಿನ ಆರಂಭದಲ್ಲಿ 100 ಕಾಲ್ಪನಿಕ ಡಾಲರ್ ಕೊಟ್ಟು, ಮುಚ್ಚಿದ ಲಕೋಟೆಯ ಹರಾಜಿನಂತೆ ಬಿಡ್ ಮಾಡಿಸುವ ಕ್ರಮವೂ ಇದೆ.

ಊಟದ ಮೇಜಿನಲ್ಲಿ ಹುಟ್ಟಿದ್ದು

ಈ ಆಟದ ಮೂಲ ಬ್ಯಾಸ್ಕೆಟ್‌ಬಾಲ್ ಅಲ್ಲ, ಬೇಸ್‌ಬಾಲ್. 1960ರಲ್ಲಿ ಹಾರ್ವರ್ಡ್‌ನಲ್ಲಿದ್ದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ ತಮ್ಮ ಗೆಳೆಯರೊಡನೆ 'ಬೇಸ್‌ಬಾಲ್ ಸೆಮಿನಾರ್' ಎಂಬ ಗಂಭೀರ ಹೆಸರಿನಡಿ ಇಂಥದೊಂದು ಆಟ ಶುರುಮಾಡಿದರು. ಮುಂದೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಆಟವೂ ಅವರ ಜೊತೆ ಹೋಯಿತು. ಇತ್ತ 1962ರಲ್ಲಿ, ಓಕ್‌ಲ್ಯಾಂಡ್ ರೈಡರ್ಸ್ ಫುಟ್‌ಬಾಲ್ ತಂಡದ ಪಾಲುದಾರರಲ್ಲಿ ಒಬ್ಬರಾದ ಬಿಲ್ ವಿಂಕೆನ್‌ಬಾಕ್, ತಂಡದೊಡನೆ ನ್ಯೂಯಾರ್ಕಿಗೆ ಹೋಗಿದ್ದಾಗ ಹೋಟೆಲಿನಲ್ಲಿ ಕುಳಿತು ಅಮೆರಿಕನ್ ಫುಟ್‌ಬಾಲಿಗೆ ಇದೇ ಬಗೆಯ ನಿಯಮಗಳನ್ನು ರೂಪಿಸಿದರು.

ಆದರೆ ಆಟಕ್ಕೆ ಪ್ರಸಿದ್ಧಿ ತಂದವರು ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ. ಮಿಷಿಗನ್‌ನಲ್ಲಿ ಓದುವಾಗ ಅವರಿಗೆ ಗುರುವಾಗಿದ್ದ ರಾಬರ್ಟ್ ಸ್ಕ್ಲಾರ್, ಗ್ಯಾಮ್ಸನ್ನರ ಗುಂಪಿನಲ್ಲಿ ಆಡುತ್ತಿದ್ದವರು. ಆ ನೆನಪನ್ನು ಹಿಗ್ಗಿಸಿ, ವರ್ಷವಿಡೀ ಆಟಗಾರರನ್ನು ಕೊಂಡು ಬಿಟ್ಟು ಮಾಡಬಹುದಾದ ಹೊಸ ನಿಯಮಾವಳಿಯನ್ನು ಓಕ್ರೆಂಟ್ 1979ರ ಕೊನೆಯಲ್ಲಿ ಬರೆದರು. ಮ್ಯಾನ್‌ಹಟನ್ನಿನ 'ಲಾ ರೋಟಿಸೆರಿ ಫ್ರಾನ್ಸೇಸ್' ಎಂಬ ಉಪಾಹಾರ ಗೃಹದಲ್ಲಿ ಗೆಳೆಯರ ಮುಂದಿಟ್ಟರು. 1980ರಲ್ಲಿ ಆಟ ನಡೆಯಿತು. ಹೋಟೆಲಿನ ಹೆಸರೇ ಆಟಕ್ಕೂ ಅಂಟಿಕೊಂಡಿತು. ಇಂದಿಗೂ ಒಂದು ಬಗೆಯ ಫ್ಯಾಂಟಸಿ ಲೀಗಿಗೆ 'ರೋಟಿಸೆರಿ' ಎಂದೇ ಹೆಸರು.

ಆ ಗುಂಪಿನಲ್ಲಿ ಪತ್ರಿಕೆ, ಪ್ರಕಾಶನಗಳ ಮಂದಿ ಹೆಚ್ಚಾಗಿದ್ದದ್ದು ಆಟದ ಅದೃಷ್ಟ. 1981ರಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿ ಪಂದ್ಯಗಳು ನಿಂತುಹೋದಾಗ, ಬರೆಯಲು ವಿಷಯವಿಲ್ಲದ ಕ್ರೀಡಾ ವರದಿಗಾರರು ಈ ಹೊಸ ಹುಚ್ಚಿನ ಬಗ್ಗೆ ಬರೆದರು. ಸುದ್ದಿ ದೇಶದ ತುಂಬ ಹಬ್ಬಿತು. 1984ರಲ್ಲಿ ಆಟದ ನಿಯಮಗಳ ಪುಸ್ತಕವೇ ಹೊರಬಂತು. ಇಷ್ಟೆಲ್ಲ ಆದರೂ ತಾವು ಹುಟ್ಟುಹಾಕಿದ ಲೀಗನ್ನು ಓಕ್ರೆಂಟ್ ಒಮ್ಮೆಯೂ ಗೆಲ್ಲಲಿಲ್ಲ!

ಬ್ಯಾಸ್ಕೆಟ್‌ಬಾಲಿಗೆ ಈ ಆಟ ಒಗ್ಗಬೇಕಾದರೆ ಎಣಿಸಲು ಅಂಕಿಗಳು ಬೇಕಿತ್ತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಾದರೂ, ಎನ್‌ಬಿಎ ಸ್ಟೀಲು ಮತ್ತು ಬ್ಲಾಕುಗಳನ್ನು ಅಧಿಕೃತವಾಗಿ ದಾಖಲಿಸತೊಡಗಿದ್ದು 1973-74ರ ಋತುವಿನಲ್ಲಿ. ಆಟಗಾರರ ಟರ್ನೋವರುಗಳ ಲೆಕ್ಕ ಶುರುವಾದದ್ದು 1977-78ರಲ್ಲಿ. ಮೂರು ಪಾಯಿಂಟಿನ ಗೆರೆ ಬಂದದ್ದು 1979-80ರಲ್ಲಿ. ಅಂದರೆ, ಎದುರಾಳಿಯ ಎಸೆತ ತಡೆಯುವುದನ್ನೇ ಒಂದು ಕಲೆಯಾಗಿಸಿದ ಬಿಲ್ ರಸೆಲ್ 1969ರಲ್ಲಿ ನಿವೃತ್ತರಾದಾಗ, ಅವರ ಹೆಸರಿನ ಮುಂದೆ ದಾಖಲೆಯಲ್ಲಿ ಒಂದು ಬ್ಲಾಕೂ ಇರಲಿಲ್ಲ. ಯಾರೂ ಎಣಿಸಿರಲಿಲ್ಲ, ಅಷ್ಟೆ. ಎಣಿಸದೇ ಇದ್ದದ್ದು ಫ್ಯಾಂಟಸಿ ಆಟದ ಪಾಲಿಗೆ ನಡೆದೇ ಇಲ್ಲ. 1990ರ ದಶಕದ ಕೊನೆಗೆ ಇಂಟರ್‌ನೆಟ್ ಬಂದು, ಯಾಹೂ 1999ರಲ್ಲಿ ಫ್ಯಾಂಟಸಿ ಆಟಗಳನ್ನು ಉಚಿತವಾಗಿ ಕೊಟ್ಟ ಮೇಲೆ ಕಾಗದ ಪೆನ್ಸಿಲು ಹಿಡಿದು ಕೂಡಿ ಕಳೆಯುವ ಕಷ್ಟವೂ ತಪ್ಪಿತು.

ನಿಮಿಷಗಳ ನೀರಾವರಿ

ಹಾಗಾದರೆ ವಾರದ ಸಲಹೆಗಾರರು ಏನನ್ನು ನೋಡಿ ಹೇಳುತ್ತಾರೆ? ಮೊದಲನೆಯದು ಪಂದ್ಯಗಳ ಎಣಿಕೆ. ಒಂದು ವಾರದಲ್ಲಿ ಒಂದು ತಂಡಕ್ಕೆ ಮೂರು ಪಂದ್ಯವಿದ್ದರೆ ಇನ್ನೊಂದಕ್ಕೆ ನಾಲ್ಕು ಇರಬಹುದು. ಪಂದ್ಯಕ್ಕೆ 15 ಪಾಯಿಂಟ್ ಗಳಿಸುವವನು ಮೂರು ಪಂದ್ಯದಲ್ಲಿ 45 ತಂದುಕೊಟ್ಟರೆ, 12 ಗಳಿಸುವ ಸಾಧಾರಣ ಆಟಗಾರ ನಾಲ್ಕು ಪಂದ್ಯದಲ್ಲಿ 48 ತರುತ್ತಾನೆ. ಆ ಒಂದು ವಾರದ ಮಟ್ಟಿಗೆ ಸಾಧಾರಣನೇ ಮೇಲು. ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನಿಮಿಷಗಳು. ಎನ್‌ಬಿಎ ಪಂದ್ಯ 48 ನಿಮಿಷದ್ದು. ಒಂದು ತಂಡದ ಐವರು ಏಕಕಾಲಕ್ಕೆ ಅಂಗಣದಲ್ಲಿರುತ್ತಾರೆ. ಆದ್ದರಿಂದ ಹೆಚ್ಚುವರಿ ಅವಧಿಗೆ ಹೋಗದ ಪ್ರತಿ ಪಂದ್ಯದಲ್ಲೂ ಒಂದು ತಂಡದ ಬಳಿ ಹಂಚಲು ಇರುವುದು 240 ನಿಮಿಷ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ದಿನಕ್ಕೆ 35 ನಿಮಿಷ ಆಡುವವನು ಗಾಯಗೊಂಡು ಹೊರಗುಳಿದರೆ ಆ 35 ನಿಮಿಷ ಆವಿಯಾಗಿ ಹೋಗುವುದಿಲ್ಲ. ಕಾಲುವೆಯ ನೀರಿನಂತೆ ಮೇಲಿನ ಗದ್ದೆಯವನು ತೂಬು ಮುಚ್ಚಿದರೆ ಕೆಳಗಿನವನ ಗದ್ದೆಗೆ ಹರಿಯುತ್ತದೆ. ಆ ನೀರು ಯಾರ ಗದ್ದೆಗೆ ಹೋಗುತ್ತದೆಂದು ಮೊದಲೇ ಊಹಿಸಬಲ್ಲವನೇ ಒಳ್ಳೆಯ ಸಲಹೆಗಾರ. ಹದಿನೈದು ನಿಮಿಷದಲ್ಲಿ ಆರು ಪಾಯಿಂಟ್ ಗಳಿಸುತ್ತಿದ್ದ ಹುಡುಗನಿಗೆ ಮೂವತ್ತು ನಿಮಿಷ ಸಿಕ್ಕರೆ ಹನ್ನೆರಡು ಬರಬಹುದು. ಆದರೆ ಬರಲೇಬೇಕೆಂದಿಲ್ಲ. ದಣಿವಿದೆ, ಎದುರಾಳಿಯ ಮುಖ್ಯ ಆಟಗಾರರನ್ನೇ ಎದುರಿಸಬೇಕಾದ ಕಷ್ಟವಿದೆ.

ಮೂರನೆಯದು ಶೇಕಡಾವಾರಿನ ಮೋಸ. 2014-15ರ ಋತುವಿನಲ್ಲಿ ಡಿಆಂಡ್ರೆ ಜೋರ್ಡನ್ ಎಂಬ ಎತ್ತರದ ಆಟಗಾರ ತಮ್ಮ ಎಸೆತಗಳಲ್ಲಿ ಶೇ 71ರಷ್ಟನ್ನು ಬುಟ್ಟಿಗೆ ಹಾಕಿದರು. ಪಂದ್ಯಕ್ಕೆ ಸರಾಸರಿ 15 ರಿಬೌಂಡ್ ಗಳಿಸಿದರು. ಆದರೆ ಯಾರೂ ಅಡ್ಡ ಬರದ ಫ್ರೀ ಥ್ರೋಗಳಲ್ಲಿ ಅವರ ಯಶಸ್ಸು ಶೇ 40ಕ್ಕೂ ಕಡಿಮೆ! ಇಂಥವರನ್ನು ಇಟ್ಟುಕೊಂಡರೆ ಏನಾಗುತ್ತದೆ? ಉಳಿದವರೆಲ್ಲ ಸೇರಿ ವಾರದಲ್ಲಿ 100 ಫ್ರೀ ಥ್ರೋಗಳಲ್ಲಿ 80 ಗಳಿಸಿದ್ದಾರೆ ಎನ್ನೋಣ. ಇವರೊಬ್ಬರೇ 20 ಎಸೆದು 8 ಗಳಿಸಿದರೆ ಒಟ್ಟು 120ಕ್ಕೆ 88. ಶೇ 80 ಇದ್ದದ್ದು ಒಮ್ಮೆಲೇ ಶೇ 73ಕ್ಕೆ ಇಳಿಯಿತು. ಅದೇ ಇನ್ನೊಬ್ಬ ವಾರದಲ್ಲಿ ಎರಡೇ ಎಸೆದು ಎರಡನ್ನೂ ತಪ್ಪಿಸಿದರೂ ತಂಡ ಶೇ 78ರಲ್ಲೇ ಇರುತ್ತದೆ. ಎಷ್ಟು ತಪ್ಪಿಸುತ್ತಾನೆ ಎಂಬುದಲ್ಲ, ಎಷ್ಟು ಸಲ ಎಸೆಯುತ್ತಾನೆ ಎಂಬುದು ಮುಖ್ಯ. ಆದ್ದರಿಂದ ಕೆಲವರು ಫ್ರೀ ಥ್ರೋ ಬಾಬತ್ತನ್ನು ಪೂರ್ತಿ ಕೈಬಿಟ್ಟು, ಉಳಿದ ಎಂಟರಲ್ಲಿ ಐದು ಗೆಲ್ಲುವ ಉಪಾಯ ಹೂಡುತ್ತಾರೆ. ಒಂದನ್ನು ಸೋಲುವುದೆಂದು ಮೊದಲೇ ನಿರ್ಧರಿಸುವುದೂ ಒಂದು ತಂತ್ರವೇ.

ನಾಲ್ಕನೆಯದು ಅತ್ಯಂತ ಅಪಾಯಕಾರಿ: 'ಈಗ ಅವನ ಕೈ ಚೆನ್ನಾಗಿ ಓಡುತ್ತಿದೆ' ಎಂಬ ನಂಬಿಕೆ. ಮೂರು ಪಂದ್ಯ ಚೆನ್ನಾಗಿ ಆಡಿದವನು ನಾಲ್ಕನೆಯದರಲ್ಲೂ ಆಡುತ್ತಾನೆಂದು ಎಲ್ಲರಿಗೂ ಅನ್ನಿಸುತ್ತದೆ. 1985ರಲ್ಲಿ ಥಾಮಸ್ ಗಿಲೊವಿಚ್, ರಾಬರ್ಟ್ ವಲೋನ್ ಮತ್ತು ಏಮೋಸ್ ಟ್ವರ್‌ಸ್ಕಿ ಎಂಬ ಮೂವರು ಮನಃಶಾಸ್ತ್ರಜ್ಞರು ಫಿಲಡೆಲ್ಫಿಯ ತಂಡದ ಎಸೆತಗಳನ್ನು ಪರೀಕ್ಷಿಸಿ, ಇದು ಬರೀ ಭ್ರಮೆ ಎಂದು ತೀರ್ಮಾನಿಸಿದರು. ಮೂವತ್ತು ವರ್ಷಕ್ಕೂ ಮಿಕ್ಕಿ ವಿದ್ವಾಂಸರು ಅದನ್ನೇ ಪಾಠ ಮಾಡಿದರು. ಆದರೆ 2018ರಲ್ಲಿ ಜೋಶುವ ಮಿಲ್ಲರ್ ಮತ್ತು ಆಡಂ ಸಂಜುರ್ಜೊ ಎಂಬ ಅರ್ಥಶಾಸ್ತ್ರಜ್ಞರು ಆ ಲೆಕ್ಕದ ವಿಧಾನದಲ್ಲಿಯೇ ಒಂದು ಸೂಕ್ಷ್ಮ ದೋಷವಿದೆಯೆಂದು ತೋರಿಸಿ ಹಳೆಯ ತೀರ್ಮಾನವನ್ನು ಅಲುಗಾಡಿಸಿದರು. ಪ್ರಾಧ್ಯಾಪಕರೇ ಒಮ್ಮತಕ್ಕೆ ಬಾರದ ಪ್ರಶ್ನೆಗೆ ವಾರದ ಅಂಕಣಕಾರ ಪ್ರತಿ ಭಾನುವಾರ ಉತ್ತರ ಕೊಡಬೇಕು!

ಅಳಿದೂರಿಗೆ ಉಳಿದವನೇ ಗೌಡ

ಬೇಡದವರ ರಾಶಿಯಿಂದ ಎದ್ದುಬಂದವರ ಮಾತು ಬಂದಾಗಲೆಲ್ಲ ನೆನಪಾಗುವ ಹೆಸರು ಜೆರೆಮಿ ಲಿನ್. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದ, ತೈವಾನ್ ಮೂಲದ ದಂಪತಿಯ ಮಗ. 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಗೋಲ್ಡನ್ ಸ್ಟೇಟ್ ಮತ್ತು ಹ್ಯೂಸ್ಟನ್ ಎಂಬ ಎರಡು ತಂಡಗಳು ಅವರನ್ನು ಕೈಬಿಟ್ಟವು. ನ್ಯೂಯಾರ್ಕ್ ನಿಕ್ಸ್ ತಂಡ ಡಿಸೆಂಬರ್ 27ರಂದು ಅವರನ್ನು ವೇವರ್ ಪಟ್ಟಿಯಿಂದ ಎತ್ತಿಕೊಂಡಿತು. ಫ್ಯಾಂಟಸಿ ಆಟದ ಶಬ್ದಗಳೆಲ್ಲ ಇಲ್ಲಿ ನಿಜಜೀವನದ ಶಬ್ದಗಳೇ ಎಂಬುದನ್ನು ಗಮನಿಸಬೇಕು. ಜನವರಿಯಲ್ಲಿ ಅವರನ್ನು ಕೆಳಗಿನ ದರ್ಜೆಯ ಲೀಗಿಗೂ ಕಳುಹಿಸಲಾಯಿತು. ನ್ಯೂಯಾರ್ಕಿನಲ್ಲಿ ಅವರು ಮಲಗುತ್ತಿದ್ದದ್ದು ಅಣ್ಣನ ಮನೆಯ ಸೋಫಾದ ಮೇಲೆ.

2012ರ ಫೆಬ್ರುವರಿ 4ರಂದು, ನಿಮಿಷ ಕೊಡಲು ಬೇರೆ ಯಾರೂ ಸರಿಯಾಗಿ ಸಿಗದೆ, ಲಿನ್‌ರನ್ನು ಅಂಗಣಕ್ಕೆ ಕಳುಹಿಸಲಾಯಿತು. ನ್ಯೂಜೆರ್ಸಿ ವಿರುದ್ಧ 25 ಪಾಯಿಂಟು, 7 ಅಸಿಸ್ಟು. ಮುಂದಿನ ಪಂದ್ಯದಿಂದ ಅವರೇ ಆರಂಭದ ಐವರಲ್ಲಿ ಒಬ್ಬರು. ಅನಂತರದ ಗಳಿಕೆ ಕ್ರಮವಾಗಿ 28, 23, ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ 38, 20 ಮತ್ತು 27. ಐದು ಪಂದ್ಯಗಳಲ್ಲಿ 136. ಟೊರಾಂಟೊ ವಿರುದ್ಧದ ಪಂದ್ಯದಲ್ಲಿ ಕೊನೆಯ ಅರ್ಧ ಸೆಕೆಂಡು ಉಳಿದಿರುವಾಗ ಮೂರು ಪಾಯಿಂಟಿನ ಎಸೆತದಿಂದ ಗೆಲುವು. ಜನವರಿಯಲ್ಲಿ ಯಾರಿಗೂ ಬೇಡವಾಗಿದ್ದ ಹೆಸರು ಫೆಬ್ರುವರಿಯಲ್ಲಿ ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿತ್ತು.

ಆದರೆ ಆ ಬಾಗಿಲು ತೆರೆದದ್ದು ಹೇಗೆ? ತಂಡದ ಹಿರಿಯ ಆಟಗಾರ ಬ್ಯಾರನ್ ಡೇವಿಸ್ ಬೆನ್ನುನೋವಿನಿಂದ ಹೊರಗಿದ್ದರು. ಫೆಬ್ರುವರಿ 6ರ ಪಂದ್ಯದಲ್ಲಿ ಕಾರ್ಮೆಲೊ ಆಂಟನಿ ತೊಡೆಸಂದಿನ ನೋವಿನಿಂದ ಹೊರನಡೆದರು. ಅಮರೆ ಸ್ಟೌಡೆಮೈರ್ ಅವರ ಅಣ್ಣ ಅದೇ ದಿನ ಕಾರು ಅಪಘಾತದಲ್ಲಿ ತೀರಿಕೊಂಡು, ಅವರು ಊರಿಗೆ ಹೋಗಿದ್ದರು. ಒಬ್ಬನ ಬೆನ್ನು, ಇನ್ನೊಬ್ಬನ ತೊಡೆ, ಮತ್ತೊಬ್ಬನ ಮನೆಯ ಸಾವು; ಇವೆಲ್ಲ ಕೂಡಿ ಲಿನ್ ಅವರಿಗೆ ನಿಮಿಷಗಳಾದವು. ಅಳಿದೂರಿಗೆ ಉಳಿದವನೇ ಗೌಡ ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ. ಪಿಕಪ್ ಸಲಹೆಯ ಇಡೀ ಶಾಸ್ತ್ರವನ್ನು ಈ ಒಂದು ಗಾದೆಯಲ್ಲಿ ಅಡಗಿಸಿಡಬಹುದು.

ಲೆಕ್ಕದ ಇನ್ನೊಂದು ಮಗ್ಗುಲೂ ಅಲ್ಲಿತ್ತು. ಫೆಬ್ರುವರಿ 17ರಂದು ನ್ಯೂ ಆರ್ಲಿಯನ್ಸ್ ವಿರುದ್ಧ ಲಿನ್ 26 ಪಾಯಿಂಟ್ ಗಳಿಸಿದರೂ ಒಂಬತ್ತು ಸಲ ಚೆಂಡು ಕಳೆದುಕೊಂಡರು, ತಂಡ ಸೋತಿತು. ಅಭಿಮಾನಿಗೆ ಕಂಡದ್ದು 26. ಫ್ಯಾಂಟಸಿ ಯಜಮಾನನ ಪಟ್ಟಿಯಲ್ಲಿ ಆ ಒಂಬತ್ತೂ ಅಷ್ಟೇ ದಪ್ಪಕ್ಷರದಲ್ಲಿತ್ತು. ಮಾರ್ಚ್‌ನಲ್ಲಿ ಮೊಣಕಾಲಿನ ಗಾಯದಿಂದ ಅವರ ಆ ಋತು ಮುಗಿಯಿತು.

ಅಂಕಿಗಳು ಯಾರ ಆಸ್ತಿ?

ಆಟಗಾರ ಬೆವರು ಸುರಿಸಿ ಗಳಿಸಿದ ಅಂಕಿಗಳನ್ನು ಬೇರೆಯವರು ಬಳಸಿ ವ್ಯಾಪಾರ ಮಾಡಬಹುದೇ? ಈ ಪ್ರಶ್ನೆ ಕೋರ್ಟು ಹತ್ತಿತು. ಮೋಟೊರೋಲ ಕಂಪೆನಿ ಪಂದ್ಯ ನಡೆಯುತ್ತಿರುವಾಗಲೇ ಅಂಕಗಳನ್ನು ತೋರಿಸುವ ಒಂದು ಪೇಜರ್ ಮಾರುತ್ತಿತ್ತು. ಎನ್‌ಬಿಎ ಅದರ ವಿರುದ್ಧ ದಾವೆ ಹೂಡಿತು. 1997ರಲ್ಲಿ ಅಮೆರಿಕದ ಎರಡನೇ ವಲಯದ ಮೇಲ್ಮನವಿ ನ್ಯಾಯಾಲಯವು ಪಂದ್ಯದ ಪ್ರಸಾರಕ್ಕೆ ಹಕ್ಕುಸ್ವಾಮ್ಯ ಉಂಟು, ಆದರೆ ಅಂಕಗಳು ಬರೀ ವಾಸ್ತವಾಂಶಗಳು, ಅವು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ತೀರ್ಪಿತ್ತಿತು. 2007ರಲ್ಲಿ ಬೇಸ್‌ಬಾಲ್ ಕುರಿತ ಇನ್ನೊಂದು ಮೊಕದ್ದಮೆಯಲ್ಲಿ ಎಂಟನೇ ವಲಯದ ನ್ಯಾಯಾಲಯವು ಆಟಗಾರರ ಹೆಸರು ಮತ್ತು ಅಂಕಿಅಂಶಗಳನ್ನು ಫ್ಯಾಂಟಸಿ ಆಟದಲ್ಲಿ ಬಳಸುವುದು ವಾಕ್ ಸ್ವಾತಂತ್ರ್ಯದ ರಕ್ಷಣೆಗೆ ಒಳಪಟ್ಟಿದೆ ಎಂದಿತು. ಹೀಗೆ, ಆಟಗಾರನ ಮೈ ತಂಡದ್ದಾದರೂ ಅವನ ಅಂಕಿ ಊರಿನದ್ದಾಯಿತು.

ಬಾಗಿಲು ತೆರೆದ ಮೇಲೆ ಹಣ ಒಳಗೆ ಬಂತು. ಅಮೆರಿಕದ 2006ರ ಇಂಟರ್‌ನೆಟ್ ಜೂಜು ಕಾಯ್ದೆ ಫ್ಯಾಂಟಸಿ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. ಅದರ ನೆರಳಿನಲ್ಲಿ 2009ರಲ್ಲಿ ಫ್ಯಾನ್‌ಡ್ಯೂಯೆಲ್, 2012ರಲ್ಲಿ ಡ್ರಾಫ್ಟ್‌ಕಿಂಗ್ಸ್ ಹುಟ್ಟಿದವು. ವರ್ಷವಿಡೀ ನಡೆಯುತ್ತಿದ್ದ ಆಟ ಒಂದೇ ದಿನದ್ದಾಯಿತು. ಗೆಳೆಯರ ಪಂದ್ಯ ಅಪರಿಚಿತರೊಡನೆ ದುಡ್ಡಿನ ಪಣವಾಯಿತು. 2018ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಕ್ರೀಡಾ ಬಾಜಿಗೆ ರಾಜ್ಯಗಳು ಅನುಮತಿ ಕೊಡದಂತೆ ತಡೆದಿದ್ದ ಕೇಂದ್ರ ಕಾಯ್ದೆಯನ್ನು ರದ್ದುಮಾಡಿದ ಮೇಲೆ ಒಬ್ಬೊಬ್ಬ ಆಟಗಾರನ ಗಳಿಕೆಯ ಮೇಲೂ ನೇರವಾಗಿ ಬಾಜಿ ಕಟ್ಟುವುದು ಹಲವು ರಾಜ್ಯಗಳಲ್ಲಿ ಕಾನೂನುಬದ್ಧವಾಯಿತು.

ಅದರ ಫಲ 2024ರಲ್ಲಿ ಕಂಡಿತು. ಟೊರಾಂಟೊ ತಂಡದ ಜೊಂಟೆ ಪೋರ್ಟರ್ ಎಂಬ ಆಟಗಾರ ತಮ್ಮ ಆರೋಗ್ಯದ ಗುಟ್ಟನ್ನು ಬಾಜಿ ಕಟ್ಟುವವರಿಗೆ ತಿಳಿಸಿದ್ದರು. ಮಾರ್ಚ್ 20ರ ಪಂದ್ಯದಲ್ಲಿ ಮೂರು ನಿಮಿಷ ಆಡಿ, ಅಸೌಖ್ಯವೆಂದು ಹೇಳಿ ಹೊರನಡೆದರು. ಅವರು ಕಡಿಮೆ ಗಳಿಸುತ್ತಾರೆಂದು ಒಬ್ಬ 80 ಸಾವಿರ ಡಾಲರ್ ಕಟ್ಟಿದ್ದ. ಏಪ್ರಿಲ್‌ನಲ್ಲಿ ಎನ್‌ಬಿಎ ಪೋರ್ಟರ್ ಅವರನ್ನು ಆಜೀವ ನಿಷೇಧಿಸಿತು. ಜುಲೈನಲ್ಲಿ ನ್ಯಾಯಾಲಯದ ಮುಂದೆ ಅವರು ತಪ್ಪೊಪ್ಪಿಕೊಂಡರು. ವಿಚಾರ ಮಾಡಿದರೆ, ಅಡುಗೆಮನೆಯಲ್ಲಿ ಕುಳಿತ ಯಜಮಾನ ಹುಡುಕುವುದೂ ಅದೇ ಸುದ್ದಿಯನ್ನು: ನಾಳೆ ಯಾರು ಆಡುತ್ತಾರೆ, ಯಾರು ಆಡುವುದಿಲ್ಲ. ಊರಿಗೆಲ್ಲ ತಿಳಿದ ಮೇಲೆ ಅದು ಸಲಹೆ. ಒಬ್ಬನಿಗೆ ಮಾತ್ರ ಮೊದಲೇ ತಿಳಿದರೆ ಅದು ಅಪರಾಧ. ಎನ್‌ಬಿಎ ತಂಡಗಳು ಪಂದ್ಯಕ್ಕೆ ಮುಂಚೆ ಗಾಯಾಳುಗಳ ಪಟ್ಟಿಯನ್ನು ಬಹಿರಂಗಪಡಿಸಲೇಬೇಕೆಂಬ ನಿಯಮದ ಮಹತ್ವ ಇಲ್ಲಿದೆ.

ಈ ಜಗಳ ನಮ್ಮ ದೇಶಕ್ಕೂ ಹೊಸದಲ್ಲ. 2008ರಲ್ಲಿ ಆರಂಭವಾದ ಡ್ರೀಮ್ ಇಲೆವೆನ್ ಕ್ರಿಕೆಟ್ ಮುಂತಾದ ಆಟಗಳಲ್ಲಿ ಇದೇ ಮಾದರಿಯನ್ನು ತಂದಿತು. ಅದು ಅದೃಷ್ಟದಾಟವೋ ಕೌಶಲದಾಟವೋ ಎಂಬ ಪ್ರಶ್ನೆ ಬಂದಾಗ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2017ರಲ್ಲಿ ಕೌಶಲದ ಪರ ನಿಂತಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್‌ನಲ್ಲಿ ಪಣವಿಟ್ಟು ಆಡುವುದನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ರಾಜ್ಯ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಕೊನೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಾದ್ಯಂತ ನಿಷೇಧಿಸಿತು. ಪಣವಿಲ್ಲದ ಆಟಕ್ಕೆ ಅದು ಅಡ್ಡಿ ಮಾಡಲಿಲ್ಲ. ಅಂದರೆ, ಓಕ್ರೆಂಟರ ಊಟದ ಮೇಜಿನ ಗೆಳೆಯರ ಆಟವೂ ಕಂಪೆನಿಗಳ ದುಡ್ಡಿನ ಆಟವೂ ಬೇರೆ ಬೇರೆ ಎಂದು ಕಾನೂನು ಗೆರೆ ಎಳೆದಂತಾಯಿತು.

ಹೆಸರಿನ ಹಿಂದಿನ ಮನುಷ್ಯ

ಹಣದ ಮಾತು ಬಿಟ್ಟರೂ ಒಂದು ಕಿರಿಕಿರಿ ಉಳಿಯುತ್ತದೆ. ಈ ಆಟದಲ್ಲಿ ಗಾಯವೆಂಬುದು ಅವಕಾಶದ ಇನ್ನೊಂದು ಹೆಸರು. ಆಟಗಾರ ನೆಲಕ್ಕೆ ಬಿದ್ದು ಕಾಲು ಹಿಡಿದುಕೊಂಡಾಗ ಗ್ಯಾಲರಿಯಲ್ಲಿ ಉಸಿರು ಬಿಗಿ ಹಿಡಿದು ಕೂತವರಿದ್ದಾರೆ. ಅದೇ ಹೊತ್ತಿಗೆ ಅವನ ಬದಲಿ ಯಾರೆಂದು ಪಟ್ಟಿ ತೆರೆದವರೂ ಇದ್ದಾರೆ. ಆಟಗಾರ ದಣಿವಾರಿಸಿಕೊಳ್ಳಲು ಒಂದು ಪಂದ್ಯ ಬಿಟ್ಟರೆ ಈ ಯಜಮಾನರಿಗೆ ಸಿಟ್ಟು. ಟಿಕೆಟ್ ಕೊಂಡವರಿಗೂ ಸಿಟ್ಟು. ಎನ್‌ಬಿಎ 2023-24ರಿಂದ ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮ ತಂದದ್ದು ಇಂಥ ಒತ್ತಡಗಳ ನಡುವೆಯೇ. ಆದರೆ ಮೊಣಕಾಲು ಯಾವ ನಿಯಮವನ್ನೂ ಓದುವುದಿಲ್ಲ.

'ಯಜಮಾನ' ಎಂಬ ಪದವೂ ಚರ್ಚೆಗೆ ಬಂದಿದೆ. ಎನ್‌ಬಿಎ ಆಟಗಾರರಲ್ಲಿ ಬಹುಪಾಲು ಕಪ್ಪು ಜನಾಂಗದವರು. ಗುಲಾಮಗಿರಿಯ ಚರಿತ್ರೆಯುಳ್ಳ ದೇಶದಲ್ಲಿ ತಂಡಕ್ಕೊಬ್ಬ 'ಮಾಲೀಕ' ಎನ್ನುವುದು ಕಿವಿಗೆ ಚುಚ್ಚುತ್ತದೆಂಬ ಮಾತು ಎದ್ದಾಗ, ಸಂಸ್ಥೆ ಆ ಪದದಿಂದ ದೂರ ಸರಿದು 'ಗವರ್ನರ್' ಎಂದು ಬಳಸುತ್ತಿದೆಯೆಂದು ಅದರ ಆಯುಕ್ತ ಆಡಂ ಸಿಲ್ವರ್ 2019ರಲ್ಲಿ ತಿಳಿಸಿದರು. ಫ್ಯಾಂಟಸಿ ಆಟದಲ್ಲಿಯೂ ಈಗ 'ಮ್ಯಾನೇಜರ್' ಎಂಬ ಪದ ಬಳಕೆಗೆ ಬಂದಿದೆ. ಆದರೆ ಆಡುವವರ ಬಾಯಲ್ಲಿ 'ನನ್ನ ಆಟಗಾರ' ಎಂಬುದು ಇನ್ನೂ ಹೋಗಿಲ್ಲ.

ಇದರರ್ಥ ಆಟವೇ ಕೆಟ್ಟದ್ದೆಂದಲ್ಲ. ನಕ್ಷತ್ರಗಳನ್ನು ಮಾತ್ರ ನೋಡುವ ಅಭಿಮಾನಿಯ ಕಣ್ಣನ್ನು ಬೆಂಚಿನ ಕೊನೆಯಲ್ಲಿ ಕುಳಿತವನ ಕಡೆಗೆ ತಿರುಗಿಸಿದ್ದು ಇದೇ ಆಟ. ಎಲ್ಲೆಲ್ಲೋ ಅಲೆದು, ಲೆಬನಾನಿನಲ್ಲಿ, ಚೀನಾದಲ್ಲಿ ಆಡಿ ಬಂದ ಹಸನ್ ವೈಟ್‌ಸೈಡ್ 2015ರ ಜನವರಿ 25ರಂದು ಷಿಕಾಗೋ ವಿರುದ್ಧ 12 ಬ್ಲಾಕ್ ಮಾಡಿದಾಗ, ಅಂಥವರ ಮೇಲೂ ಕಣ್ಣಿಟ್ಟವರಲ್ಲಿ ಈ ಪಟ್ಟಿ ಹಿಡಿದವರೇ ಮೊದಲಿಗರು. ಸೋಲುವ ತಂಡದ ಸಪ್ಪೆ ಪಂದ್ಯವನ್ನೂ ಕೊನೆಯ ನಿಮಿಷದವರೆಗೆ ನೋಡುವವರು ಇವರೇ.

ಮತ್ತೆ ಜೆರೆಮಿ ಲಿನ್ ಅವರ ವಿಷಯ. 2017ರ ಅಕ್ಟೋಬರ್ 18, ಬ್ರೂಕ್ಲಿನ್ ತಂಡದ ಆ ಋತುವಿನ ಮೊದಲ ಪಂದ್ಯ. ಬುಟ್ಟಿಯತ್ತ ನೆಗೆದ ಲಿನ್ ಕೆಳಗಿಳಿಯುವಾಗ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. ಅಂಗಣದ ಅಂಚಿನಲ್ಲಿ ಕುಳಿತು, ಇನ್ನು ಮುಗಿಯಿತು ಎಂದು ಅವರು ಅತ್ತದ್ದನ್ನು ಟೆಲಿವಿಷನ್ ತೋರಿಸಿತು. 82 ಪಂದ್ಯಗಳ ಋತುವಿನಲ್ಲಿ ಅವರು ಆಡಿದ್ದು ಅದೊಂದನ್ನೇ. ಆ ವಾರದ ಸಲಹೆಯ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ ಬರೆಯಲು ಇದ್ದದ್ದು ಒಂದೇ ಪದ: ಕೈಬಿಡಿ.

ಸಲಹೆ ಸರಿಯಾಗಿಯೇ ಇತ್ತು. ಆದರೆ ಲಿನ್ ಆಟ ಬಿಡಲಿಲ್ಲ. ಒಂದು ವರ್ಷದ ನಂತರ ಅಂಗಣಕ್ಕೆ ಮರಳಿದರು. 2019ರಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದ ಟೊರಾಂಟೊ ತಂಡದಲ್ಲಿದ್ದರು. ಆಮೇಲೆ ಚೀನಾ, ತೈವಾನ್‌ಗಳಲ್ಲಿ ಆಡಿ 2025ರಲ್ಲಿ ನಿವೃತ್ತಿ ಘೋಷಿಸಿದರು. ಕೈಬಿಟ್ಟ ಹೆಸರಿನ ಮುಂದಿನ ಕಥೆಯನ್ನು ಬರೆದಿಡಲು ಆ ಹದಿಮೂರು ಹೆಸರಿನ ಪಟ್ಟಿಯಲ್ಲಿ ಜಾಗವಿರಲಿಲ್ಲ.